ಹೊರೆ ಹೊರದ ಲಾರಿ

ಪಡುಬಿದ್ರಿ ಪೇಟೆಯಲ್ಲಿ ಕಾರ್ಕಳದ ರಸ್ತೆ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರುವ ಕಡೆ ಲಾರಿಗಳಿಗೆ ಬರವಿಲ್ಲ. ಮಲ್ಪೆಯ ಮೀನು, ಕಾರ್ಕಳದ ಕಡೆಯ ಕಲ್ಲು, ಮಂಗಳೂರಿನ ಬಂದರಿಗೆ ಹೋಗುವ ಕಂಟೈನರು, ಸಿಮೆಂಟು, ಗ್ಯಾಸು ಎಲ್ಲವೂ ಹೀಗೇ ಹಾದುಹೋಗಬೇಕು. ಅಪರೂಪಕ್ಕೊಮ್ಮೆ ಗಾಳಿಯಂತ್ರದ ರೆಕ್ಕೆ ಹೊತ್ತ ಟ್ರೇಲರೊಂದು ತಿರುವಿನಲ್ಲಿ ನಿಂತು ಹಿಂದಿನವರನ್ನೆಲ್ಲ ಕಾಯಿಸುವುದೂ ಉಂಟು. ಈ ಲಾರಿಗಳನ್ನೇ ಅಳತೆ ತಪ್ಪದಂತೆ ಕುಗ್ಗಿಸಿ, ಮೇಜಿನ ಮೇಲೆ ಕಟ್ಟಿ, ಬಣ್ಣ ಹಚ್ಚಿ, ಕೊನೆಗೆ ಗಾಜಿನ ಕಪಾಟಿನಲ್ಲಿ ನಿಲ್ಲಿಸುವ ಹವ್ಯಾಸವೊಂದಿದೆ. ಇಟಲಿಯ ಇಟಲೇರಿ ಕಂಪನಿ 1:24ರ ಲಾರಿಯನ್ನು, ಜಪಾನಿನ ತಮಿಯಾ 1:14ರ ಲಾರಿಯನ್ನು ಬಿಡಿಭಾಗಗಳಾಗಿ ಡಬ್ಬಿಯಲ್ಲಿ ಮಾರುತ್ತವೆ. ಅವೆಲ್ಲ ಯುರೋಪು, ಅಮೆರಿಕದ ರಸ್ತೆಯ ಲಾರಿಗಳು. ನಮ್ಮ ಟಾಟಾ, ನಮ್ಮ ಲೇಲ್ಯಾಂಡ್ ಬೇಕೆಂದರೆ ಸನ್‌ಬೋರ್ಡು, ಫೋಮ್ ಶೀಟು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೈಯಾರೆ ಮಾಡಿಕೊಳ್ಳಬೇಕು. ಕರಾವಳಿಯ ಹುಡುಗರಲ್ಲಿ ಈ ಕೈಚಳಕ ಹೆಚ್ಚಾಗಿ ಖಾಸಗಿ ಬಸ್ಸುಗಳ ಮೇಲೆಯೇ ಖರ್ಚಾಗುತ್ತದೆ. ಬಸ್ಸಿಗೆ ಅಭಿಮಾನಿಗಳುಂಟು, ಲಾರಿಗೆ ಆ ಭಾಗ್ಯ ಕಡಿಮೆ.

ಇಂಥ ಮಾದರಿಯ ಮುಂದೆ ನಿಂತವರ ಬಾಯಲ್ಲಿ ಎರಡರಲ್ಲೊಂದು ಮಾತು ಬರುತ್ತದೆ. "ಅಬ್ಬ, ಥೇಟು ಲಾರಿಯೇ!" ಎಂಬುದೊಂದು. "ಇಷ್ಟು ದೊಡ್ಡವರಾಗಿ ಆಟದ ಸಾಮಾನು ಮಾಡುವುದೇ?" ಎಂಬುದು ಇನ್ನೊಂದು. ಮೊದಲನೆಯದು ಹೊಗಳಿಕೆ, ಎರಡನೆಯದು ತೆಗಳಿಕೆ. ಆದರೆ ಎರಡರ ತಳದಲ್ಲೂ ಇರುವ ನಂಬಿಕೆ ಒಂದೇ: ಹೋಲಿಕೆಯ ವಸ್ತುವಿಗೆ ತನ್ನದೇ ಆದ ಇರವು ಇಲ್ಲ, ಅದು ಮೂಲವಸ್ತುವೇ ಆಗಿಬಿಟ್ಟಂತೆ ಕಂಡರೆ ಬೆಲೆ, ಇಲ್ಲವಾದರೆ ಸುಳ್ಳು. ಹೊರೆ ಹೊರದ, ಡೀಸೆಲ್ ಕುಡಿಯದ, ಎಲ್ಲಿಗೂ ಹೋಗದ ಲಾರಿ ಸುಳ್ಳು ಲಾರಿಯೇ ಎಂಬ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕ. ಆದರೆ ಪ್ರತಿಬಿಂಬಕ್ಕೆ ಸತ್ಯವಿದೆಯೇ ಎಂಬ ಪ್ರಶ್ನೆಯ ಮೇಲೆ ಈ ಸೀಮೆಯ ಮಠಗಳು ಏಳುನೂರು ವರ್ಷಗಳಿಂದ ವಾದ ಮಾಡುತ್ತ ಬಂದಿವೆ. ಮಾದರಿಯ ಲಾರಿ ಸುಳ್ಳಲ್ಲ, ಮೂಲದ ಇನ್ನೊಂದು ರೂಪವೂ ಅಲ್ಲ, ಅದರ ಬೆಲೆಯಿರುವುದು ಮೂಲಕ್ಕೆ ಅದು ಅಧೀನವಾಗಿರುವ ರೀತಿಯಲ್ಲಿ ಎಂಬುದು ನನ್ನ ವಾದ. ಈ ವಾದಕ್ಕೆ ಬೇಕಾದ ಸಲಕರಣೆ ಉಡುಪಿಯಲ್ಲೇ ಸಿಗುತ್ತದೆ.

ಮೊದಲು ಕೆಲಸದ ಕ್ರಮ ನೋಡೋಣ. 1:24 ಎಂದರೆ ಉದ್ದ, ಅಗಲ, ಎತ್ತರ ಮೂರೂ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಎರಡೂವರೆ ಮೀಟರು ಅಗಲದ ಲಾರಿ ಹತ್ತು ಸೆಂಟಿಮೀಟರು ಚಿಲ್ಲರೆಗೆ ಇಳಿಯುತ್ತದೆ. ಆದರೆ ಗಾತ್ರ ಇಳಿಯುವುದು 13,824ರಲ್ಲಿ ಒಂದು ಪಾಲಿಗೆ. ಹೊರೆಸಹಿತ ಹದಿನಾರು ಟನ್ ತೂಗುವ ಲಾರಿಯನ್ನು ಅದದೇ ವಸ್ತುಗಳಿಂದ ಈ ಅಳತೆಗೆ ಮಾಡಿದರೆ ಅದು ಒಂದು ಕಿಲೋ ನೂರೈವತ್ತು ಗ್ರಾಮಿನಷ್ಟು ತೂಗೀತು, ಅಷ್ಟೇ. ಗಾತ್ರ ಬದಲಾದರೆ ವಸ್ತುವಿನ ವರ್ತನೆಯೂ ಬದಲಾಗುತ್ತದೆಂದು ಗೆಲಿಲಿಯೊ 1638ರ ಪುಸ್ತಕದಲ್ಲೇ ತೋರಿಸಿದ್ದ. ದಪ್ಪದ ಕತೆ ಇನ್ನೂ ಪೇಚಿನದು. ಒಂದು ಮಿಲಿಮೀಟರಿನ ತಗಡನ್ನು ಇಪ್ಪತ್ತನಾಲ್ಕು ಪಟ್ಟು ತೆಳುವಾಗಿಸಿದರೆ ಉಳಿಯುವುದನ್ನು ಕೈಯಲ್ಲಿ ಹಿಡಿಯಲಾಗದು. ಹಾಗೆಂದು ಒಂದು ಮಿಲಿಮೀಟರಿನ ಪ್ಲಾಸ್ಟಿಕನ್ನೇ ಬಳಸಿದರೆ ಲೆಕ್ಕದ ಪ್ರಕಾರ ಲಾರಿಯ ಮೈ ಒಂದು ಇಂಚು ದಪ್ಪದ್ದಾಗುತ್ತದೆ. ಪಳಗಿದವರು ಅಂಚನ್ನು ಮಾತ್ರ ಮರಳುಕಾಗದದಿಂದ ಉಜ್ಜಿ ತೆಳುಮಾಡುತ್ತಾರೆ, ಕಣ್ಣಿಗೆ ಬೀಳುವುದು ಅಂಚೇ ತಾನೆ. ಬಣ್ಣದಲ್ಲೂ ಇದೇ ತೊಡಕು. ಲಾರಿಗೆ ಹೊಡೆದ ಡಬ್ಬದಿಂದಲೇ ಬಣ್ಣ ತೆಗೆದು ಮಾದರಿಗೆ ಹಚ್ಚಿದರೆ ಅದು ಅಗತ್ಯಕ್ಕಿಂತ ಗಾಢವಾಗಿ ಕಾಣುತ್ತದೆ. ಒಂದು ಮೀಟರು ದೂರದಿಂದ ನೋಡುವ ಮಾದರಿ ಇಪ್ಪತ್ತನಾಲ್ಕು ಮೀಟರು ದೂರದ ಲಾರಿಯ ಲೆಕ್ಕ. ಅಷ್ಟು ದೂರದ ಬಣ್ಣವನ್ನು ನಡುವಿನ ಗಾಳಿ, ಬೆಳಕು, ಧೂಳು ತಿಳಿಗೊಳಿಸಿರುತ್ತವೆ. ಆದ್ದರಿಂದ ಅದೇ ಬಣ್ಣ ಎನ್ನಿಸಬೇಕಾದರೆ ಬೇರೆ ಬಣ್ಣ ಹಚ್ಚಬೇಕು, ಸ್ವಲ್ಪ ಬಿಳಿ ಬೆರೆಸಬೇಕು.

ಮೀನು ಲಾರಿಯೊಂದನ್ನು ಮಾಡುವುದಾದರೆ ಈ ವಿವೇಕಕ್ಕೆ ನಿಜವಾದ ಪರೀಕ್ಷೆ. ಉಪ್ಪುಗಾಳಿಯ ಊರಿನಲ್ಲಿ ಓಡುವ ಲಾರಿಯ ತುಕ್ಕು ಎಲ್ಲೆಂದರಲ್ಲಿ ಇರುವುದಿಲ್ಲ. ಹಿಂದಿನ ಬಾಗಿಲಿನ ಕೆಳಗೆ, ಮಂಜುಗಡ್ಡೆ ಕರಗಿದ ನೀರು ಸೋರಿ ಇಳಿಯುವ ಜಾಡಿನಲ್ಲಿ ಕಂದುಗೆರೆಗಳಿರುತ್ತವೆ; ಚಕ್ರದ ಮೇಲಿನ ಕಮಾನಿನೊಳಗೆ, ರಸ್ತೆಯ ಕೆಸರು ಕೂತು ಒಣಗುವಲ್ಲಿ ತಗಡು ಹೊಪ್ಪಳಿಸಿರುತ್ತದೆ; ಬಾಗಿಲ ಕೊಂಡಿಯ ಸುತ್ತ ಕೈತಾಗಿ ತಾಗಿ ಬಣ್ಣ ಸವೆದು ಒಳಗಿನ ಪ್ರೈಮರ್ ಇಣುಕುತ್ತದೆ. ಇದನ್ನು ತರುವ ಒಂದು ಉಪಾಯ ತಮಾಷೆಯದು. ಮೊದಲು ತುಕ್ಕಿನ ಬಣ್ಣ ಹೊಡೆದು ಒಣಗಿಸುತ್ತಾರೆ, ಅದರ ಮೇಲೆ ತಲೆಗೂದಲಿಗೆ ಹೊಡೆಯುವ ಹೇರ್‌ಸ್ಪ್ರೇ, ಅದರ ಮೇಲೆ ಲಾರಿಯ ಬಿಳಿ ಬಣ್ಣ. ಆಮೇಲೆ ಒದ್ದೆ ಬ್ರಷ್ಷಿನಿಂದ ಬೇಕಾದಲ್ಲಿ ಮಾತ್ರ ಮೆಲ್ಲಗೆ ತಿಕ್ಕಿದರೆ ನಡುವಿನ ಪದರ ಕರಗಿ ಬಿಳಿ ಚಕ್ಕೆಚಕ್ಕೆಯಾಗಿ ಎದ್ದು ಒಳಗಿನ ತುಕ್ಕು ಕಾಣಿಸಿಕೊಳ್ಳುತ್ತದೆ. ಇಲ್ಲಿ ಎಲ್ಲವೂ ಕೃತಕ, ಆದರೆ ಎಲ್ಲಿ ತಿಕ್ಕಬೇಕು, ಎಲ್ಲಿ ತಿಕ್ಕಬಾರದು ಎಂಬ ನಿರ್ಧಾರ ಕೃತಕವಲ್ಲ. ನೀರು ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ತಿಳಿಯದವನ ತುಕ್ಕು ಬರೀ ಕೊಳೆಯಾಗಿ ಕಾಣುತ್ತದೆ. ಇಷ್ಟರಿಂದ ಒಂದು ಮಾತು ಸಿದ್ಧವಾಯಿತೆಂದುಕೊಳ್ಳುತ್ತೇನೆ: ಮಾದರಿ ಎನ್ನುವುದು ಯಾಂತ್ರಿಕವಾದ ನಕಲಲ್ಲ. ಮೂಲದಿಂದ ಬೇರೆಯಾಗಿರುವುದನ್ನು ಒಪ್ಪಿಕೊಂಡೇ, ಯಾವ ವಿಷಯದಲ್ಲಿ ಅದಕ್ಕೆ ಬದ್ಧವಾಗಿರಬೇಕು ಎಂದು ಹೆಜ್ಜೆಹೆಜ್ಜೆಗೂ ತೀರ್ಮಾನಿಸುತ್ತ ಹೋಗುವ ಕೆಲಸ.

ಇನ್ನು ಧರ್ಮದ ಕಡೆಗೆ ಬರೋಣ. ಚಿಕ್ಕ ವಾಹನವನ್ನು ಮಾಡಿ ದೇವರ ಮುಂದಿಡುವ ಪದ್ಧತಿ ನಮಗೆ ಹೊಸದಲ್ಲ. ಬೆಳ್ತಂಗಡಿ ತಾಲೂಕಿನ ಉಜಿರೆಯ ಹತ್ತಿರ ಸುರ್ಯದ ಸದಾಶಿವರುದ್ರ ದೇವಸ್ಥಾನದಲ್ಲಿ ಹರಕೆಯೆಂದು ಒಪ್ಪಿಸುವುದು ಮಣ್ಣಿನ ಗೊಂಬೆಗಳನ್ನು. ಮನೆ ಬೇಕಾದವರು ಮಣ್ಣಿನ ಮನೆ, ಮಗು ಬೇಕಾದವರು ತೊಟ್ಟಿಲು, ಕಾಲುನೋವಿನವರು ಕಾಲು, ವಾಹನದ ಆಸೆಯವರು ವಾಹನವನ್ನೇ ಒಪ್ಪಿಸುತ್ತಾರೆ. ಈಚಿನ ಕಾಲದಲ್ಲಿ ಕಂಪ್ಯೂಟರೂ ಸೇರಿದೆ. ಅವೆಲ್ಲ ಹರಕೆಯ ಬನದಲ್ಲಿ ರಾಶಿಬಿದ್ದು ಮಳೆಗೆ ಮೈಯೊಡ್ಡಿಕೊಂಡಿರುತ್ತವೆ. ಮುಂಬಯಿಯಲ್ಲಿ ಬಾಳಿದ ತುಳು-ಕನ್ನಡ ಮಂದಿಗೆ ಬಾಂದ್ರಾದ ಮೌಂಟ್ ಮೇರಿ ಇಗರ್ಜಿಯೂ ಪರಿಚಿತ, ಅಲ್ಲಿ ಇದೇ ಹರಕೆ ಮೇಣದ ರೂಪದಲ್ಲಿ ಸಲ್ಲುತ್ತದೆ. ಸುರ್ಯದ ಮಣ್ಣಿನ ವಾಹನವನ್ನು ಮಾದರಿಕಾರನ ಕಣ್ಣಿನಿಂದ ನೋಡಿದರೆ ಅದರಲ್ಲಿ ಏನೂ ಸರಿಯಿಲ್ಲ. ಅಳತೆಯಿಲ್ಲ, ಚಕ್ರಗಳು ತಿರುಗುವುದಿಲ್ಲ, ಯಾವ ಕಂಪನಿಯ ಗಾಡಿಯೆಂದು ಹೇಳುವಂತಿಲ್ಲ. ಆದರೆ ಹರಕೆ ಒಪ್ಪಿಸಿದವನಿಗೆ ಅದರಿಂದ ಯಾವ ಕೊರತೆಯೂ ಇಲ್ಲ. ಅಲ್ಲಿ ಹೋಲಿಕೆ ಒಂದು ಸೂಚನೆಯಷ್ಟೇ, ಭಾರವೆಲ್ಲ ಸಂಕಲ್ಪದ ಮೇಲಿದೆ. ಮೇಜಿನ ಮೇಲಿನ ಲಾರಿಯಲ್ಲಿ ಸಂಕಲ್ಪವಿಲ್ಲ, ಹೋಲಿಕೆಯೇ ಎಲ್ಲ.

ಈ ಎರಡನ್ನೂ ಬಿಡಿಸಿ ತೋರಿಸುವ ಇನ್ನೊಂದು ಸಾಕ್ಷ್ಯ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನದು. ಅಲ್ಲಿಯ ನಂದಿಕೇಶ್ವರ ದೇವಸ್ಥಾನದ ತುಂಬ ಬಣ್ಣ ಬಳಿದ ಮರದ ದೈವಮೂರ್ತಿಗಳು ನಿಂತಿವೆ. ಹಳೆಯ ಮೂರ್ತಿಗಳು ಜೀರ್ಣವಾದಾಗ ಹೊಸವನ್ನು ಕೆತ್ತಿ ಪ್ರತಿಷ್ಠೆ ಮಾಡಿದರು. ಹಳೆಯವುಗಳಲ್ಲಿ ಕೆಲವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ಕಣ್ಣಿಗೆ ಕಾಣುವ ರೂಪದಲ್ಲಿ ಹಳೆಯದಕ್ಕೂ ಹೊಸದಕ್ಕೂ ಅಂಥ ದೂರವೇನಿಲ್ಲ. ಆದರೂ ಒಂದರ ಮುಂದೆ ಜನ ಕೈಮುಗಿಯುತ್ತಾರೆ, ಇನ್ನೊಂದರ ಮುಂದೆ ಟಿಕೆಟ್ ಕೊಂಡವರು ಫೋಟೋ ತೆಗೆಯುತ್ತಾರೆ. ದೈವದ ಸಾನ್ನಿಧ್ಯ ಹೋಲಿಕೆಯಿಂದ ಬಂದದ್ದಾಗಿದ್ದರೆ ಹೀಗಾಗುತ್ತಿರಲಿಲ್ಲ. ಪಡುಬಿದ್ರಿಯವರಿಗೆ ಇದನ್ನು ಹೇಳಿಕೊಡಬೇಕಾದ ಅಗತ್ಯವೂ ಇಲ್ಲ. ಎರಡು ವರ್ಷಕ್ಕೊಮ್ಮೆ ಢಕ್ಕೆಬಲಿಯೆಂಬ ಆರಾಧನೆ ನಡೆಯುವ ಇಲ್ಲಿಯ ಬ್ರಹ್ಮಸ್ಥಾನದಲ್ಲಿ ಗುಡಿಯೂ ಇಲ್ಲ, ಗೋಪುರವೂ ಇಲ್ಲ; ಮರಗಳ ನಡುವಿನ ಮರಳ ನೆಲವೇ ಕ್ಷೇತ್ರ. ಸಾನ್ನಿಧ್ಯಕ್ಕೆ ಹೋಲಿಕೆ ಬೇಡ ಎಂದು ಊರಿನ ಆರಾಧನೆಯೇ ಸಾರುತ್ತಿರುವಾಗ, ಹೋಲಿಕೆಗೆ ಸಾನ್ನಿಧ್ಯ ಬೇಕೆಂದು ಹಠ ಹಿಡಿಯುವುದೇಕೆ? ಮಾದರಿಯ ಲಾರಿಯನ್ನು ಚಿಲ್ಲರೆ ವಿಗ್ರಹವೆಂದು ಅಣಕಿಸುವವರಿಗೂ, ಅದರೊಳಗೆ ಏನೋ ಚೈತನ್ಯವಿದೆಯೆಂದು ಉಬ್ಬಿಸುವವರಿಗೂ ಉತ್ತರ ಇಷ್ಟೇ.

ವಿಗ್ರಹಕ್ಕೂ ಮಾದರಿಗೂ ಇರುವ ಅಂತರವನ್ನು ಶಿಲ್ಪಶಾಸ್ತ್ರ ಅಳತೆಯಲ್ಲೇ ಇಟ್ಟಿದೆ. ಮೂರ್ತಿ ಕೆತ್ತುವ ಶಿಲ್ಪಿ ತಾಳಮಾನದ ಪ್ರಕಾರ ನಡೆಯುತ್ತಾನೆ. ಮೂರ್ತಿಯ ಒಟ್ಟು ಎತ್ತರವನ್ನು ನಿಗದಿಯಾದಷ್ಟು ಪಾಲು ಮಾಡಿ, ಒಂದು ಪಾಲನ್ನು ಅಂಗುಲವೆಂದು ಹಿಡಿದು, ಆ ಅಂಗುಲದಿಂದಲೇ ಮುಖ, ಎದೆ, ತೊಡೆ, ಪಾದಗಳ ಅಳತೆ ತೆಗೆಯುತ್ತಾನೆ. ಅಂದರೆ ಮೂರ್ತಿಗೆ ಅಳತೆಗೋಲು ತನ್ನ ಮೈಯಿಂದಲೇ ಹುಟ್ಟುತ್ತದೆ. ಹೊರಗಿನ ಯಾವ ದೇಹಕ್ಕೂ ಅದು ಲೆಕ್ಕ ಒಪ್ಪಿಸಬೇಕಾಗಿಲ್ಲ. ಮಾದರಿಯ ಲಾರಿಗೆ ಈ ಸ್ವಾತಂತ್ರ್ಯವಿಲ್ಲ. ಅದರ ಪ್ರತಿಯೊಂದು ಮಿಲಿಮೀಟರೂ ಹೊರಗೆ ನಿಂತಿರುವ ಒಂದು ಲಾರಿಗೆ ಸಾಲ.

ಮೂರ್ತಿಗೆ ಹೊರಗಿನ ಸಾಲವಿಲ್ಲವೆಂಬ ಮಾತಿಗೊಂದು ಅಪವಾದ, ಅದೂ ಕಾರ್ಕಳದ ಬಂಡೆಯ ಮೇಲೆಯೇ ಇದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ನಾವೆಲ್ಲ ಬೃಹತ್ತಿನ ಮಾತು ಬಂದಾಗ ನೆನೆಯುತ್ತೇವೆ. ಆದರೆ ಶ್ರವಣಬೆಳಗೊಳದ ಬೊಪ್ಪಣನ ಶಾಸನ, ಅದು ಹನ್ನೆರಡನೆಯ ಶತಮಾನದ್ದು, ಮೂಲದ ಕತೆಯನ್ನು ಹೇಳುತ್ತದೆ: ಭರತ ಪೌದನಪುರದಲ್ಲಿ ಮಾಡಿಸಿದ ಬಾಹುಬಲಿಯ ಮೂರ್ತಿ 525 ಬಿಲ್ಲು ಎತ್ತರದ್ದು, ಕಾಲಾಂತರದಲ್ಲಿ ಕುಕ್ಕುಟಸರ್ಪಗಳು ತುಂಬಿ ಅದು ಜನರಿಗೆ ಸಿಗದಂತಾಯಿತು, ಅದನ್ನು ಕಾಣಲಾಗದ ಚಾವುಂಡರಾಯ ಬೆಳಗೊಳದಲ್ಲಿ ಅಂಥದನ್ನೇ ಮಾಡಿಸಿದ. ಬಿಲ್ಲೊಂದಕ್ಕೆ ನಾಲ್ಕು ಮೊಳ, ಸುಮಾರು ಆರು ಅಡಿ ಎಂದು ಹಿಡಿದರೆ ಆ ಪುರಾಣದ ಮೂರ್ತಿ 3,150 ಅಡಿ. ಕಾರ್ಕಳದ ಗೊಮ್ಮಟ ಅದರ ಎಪ್ಪತ್ತೈದರಲ್ಲಿ ಒಂದು ಪಾಲು. ಮಾದರಿ ವಿಮಾನ ಮಾಡುವವರು ಜಗತ್ತಿನಾದ್ಯಂತ ಬಳಸುವ 1:72ರ ಅಳತೆಗೆ ಇದು ಎಷ್ಟು ಹತ್ತಿರ ಎಂದು ನೋಡಿದರೆ ನಗು ಬರುತ್ತದೆ. ಲೆಕ್ಕ ನನ್ನದು, ಭೈರರಸನದಲ್ಲ. ಅವನ ಶಿಲ್ಪಿಗಳು ಎಪ್ಪತ್ತೈದರಿಂದ ಭಾಗಿಸುತ್ತ ಕೂತಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಚಿಕ್ಕದು ಎಂಬುದಕ್ಕೂ ಸುಳ್ಳು ಎಂಬುದಕ್ಕೂ ಸಂಬಂಧವಿಲ್ಲವೆಂಬುದು ಇದರಿಂದ ಸ್ಪಷ್ಟ. ಬೆಳಗೊಳದ 58 ಅಡಿಗಳು ಮೂಲಕ್ಕೆ ಹೋಲಿಸಿದರೆ ಕುಬ್ಜ ಎಂದು ಯಾವ ಶ್ರಾವಕನೂ ಮುಖ ತಿರುಗಿಸಲಿಲ್ಲ. ಧರ್ಮಸ್ಥಳದ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈ ಅವರು ಕೆತ್ತಿದ್ದು ಕಾರ್ಕಳದಲ್ಲಿ, 1973ರಲ್ಲಿ ಆ 39 ಅಡಿಯ ಕಲ್ಲನ್ನು ಧರ್ಮಸ್ಥಳಕ್ಕೆ ಹೊತ್ತದ್ದು ಚಕ್ರಗಳ ಗಾಡಿ, ಪ್ರತಿಷ್ಠೆಯಾದದ್ದು 1982ರಲ್ಲಿ. ರಸ್ತೆಯಲ್ಲಿದ್ದಾಗ ಅದು ಹೊರೆ, ಪ್ರತಿಷ್ಠೆಯ ಬಳಿಕ ಬಾಹುಬಲಿ. ಮಾದರಿ ಮಾಡುವವರು ಯಾರಾದರೂ ಆ ಗಾಡಿಯನ್ನು ಹೊರೆಸಹಿತ ಕಟ್ಟಲು ಹೊರಟರೆ ಮೂರ್ತಿಯ ಮಾದರಿ ಮಾಡಿದಂತಾಗುತ್ತದೋ ಸರಕಿನ ಮಾದರಿಯೋ, ಅದನ್ನು ಅವರೇ ಬಗೆಹರಿಸಿಕೊಳ್ಳಬೇಕು.

ಈಗ ಮೂಲ ಪ್ರಶ್ನೆಗೆ ಬರಬಹುದು. ಅದ್ವೈತದ ಸಂಪ್ರದಾಯದಲ್ಲಿ ಪ್ರತಿಬಿಂಬದ ಬಗ್ಗೆ ಮುಖ್ಯವಾಗಿ ಎರಡು ನಿಲುವುಗಳಿವೆ. ವಿವರಣ ಪಂಥದವರಿಗೆ ಕನ್ನಡಿಯಲ್ಲಿ ಕಾಣುವ ಮುಖ ಮುಖವೇ, ಬೇರೆಯದೆಂದು ತೋರುವುದಷ್ಟೇ ಭ್ರಾಂತಿ. ಸುರೇಶ್ವರರ ಹಾದಿಯ ಆಭಾಸವಾದಿಗಳಿಗೆ ಅಲ್ಲಿ ಕಾಣುವುದು ಬರೀ ತೋರಿಕೆ, ಮಿಥ್ಯೆ. "ಥೇಟು ಲಾರಿಯೇ" ಎಂದು ಬೆರಗಾಗುವವರು ತಿಳಿಯದೆಯೇ ಮೊದಲ ಪಂಥದವರು, "ಬರೀ ಆಟದ ಸಾಮಾನು" ಎಂದು ಮೂಗು ಮುರಿಯುವವರು ಎರಡನೆಯ ಪಂಥದವರು. ಮಧ್ವರು ಎರಡನ್ನೂ ಒಪ್ಪಲಿಲ್ಲ. ಉಡುಪಿಯ ಬಳಿಯ ಪಾಜಕದಲ್ಲಿ ಹದಿಮೂರನೆಯ ಶತಮಾನದಲ್ಲಿ ಹುಟ್ಟಿದ ಈ ಆಚಾರ್ಯರ ಮತದಲ್ಲಿ ಪ್ರತಿಬಿಂಬ ಬಿಂಬಕ್ಕಿಂತ ಬೇರೆ, ಬಿಂಬಕ್ಕೆ ಅಧೀನ, ಬಿಂಬಕ್ಕೆ ಸದೃಶ. ಈ ಮೂರೂ ಕೂಡಿದರೆ ಪ್ರತಿಬಿಂಬ. ಬೇರೆಯಾದ್ದರಿಂದ ಅದು ಬಿಂಬವೇ ಅಲ್ಲ, ಇರುವುದರಿಂದ ಸುಳ್ಳೂ ಅಲ್ಲ. ಜೀವ ಪರಮಾತ್ಮನ ಪ್ರತಿಬಿಂಬವೆನ್ನುವುದು ಈ ಅರ್ಥದಲ್ಲಿ. ಅದಕ್ಕೆ ಅವರು ಎತ್ತಿಕೊಂಡ ಶ್ರುತಿಯ ಉದಾಹರಣೆ ಕನ್ನಡಿಯದಲ್ಲ, ಕಾಮನಬಿಲ್ಲಿನದು: ಸೂರ್ಯನಿಗೆ ಕಾಮನಬಿಲ್ಲು ಹೇಗೋ ಈಶನಿಗೆ ಜೀವ ಹಾಗೆ. ಕಾಮನಬಿಲ್ಲು ಸೂರ್ಯನ ಹಾಗೆ ದುಂಡಗಿಲ್ಲ, ಸುಡುವುದಿಲ್ಲ, ಸೂರ್ಯನಿರುವ ದಿಕ್ಕಿನಲ್ಲಿ ಕಾಣುವುದೂ ಇಲ್ಲ. ಆದರೂ ಅದರ ಬೆಳಕೆಲ್ಲ ಸೂರ್ಯನದೇ. ಹೋಲಿಕೆಯೆಂದರೆ ಅಚ್ಚೊತ್ತಿದ ನಕಲು ಎಂದು ತಿಳಿದಿದ್ದವರು ಈ ಉದಾಹರಣೆಯನ್ನು ಆರಿಸುತ್ತಿರಲಿಲ್ಲ. ಬಣ್ಣಕ್ಕೆ ಬಿಳಿ ಬೆರೆಸಿ ತಿಳಿಗೊಳಿಸುವ, ಅಂಚನ್ನು ಮಾತ್ರ ತೆಳುಮಾಡುವ ಮಾದರಿಕಾರನಿಗೆ ಇದು ಕೂಡಲೇ ಅರ್ಥವಾಗುವ ಮಾತು.

ಅಧೀನವಾಗಿರುವುದು ಕೀಳು ಎಂಬ ಈ ಕಾಲದ ಅನಿಸಿಕೆಯೊಂದು ಇಲ್ಲಿ ಅಡ್ಡ ಬರುತ್ತದೆ. ಸ್ವಂತಿಕೆ ಇಲ್ಲದ ಕಲೆಯೂ ಒಂದು ಕಲೆಯೇ ಎಂದು ಕೇಳುವವರಿದ್ದಾರೆ. ಅವರಿಗೆ ಪಡುಬಿದ್ರಿಯ ನೆರೆಯ ಪಲಿಮಾರನ್ನು ತೋರಿಸಬೇಕು. ಉಡುಪಿಯ ಅಷ್ಟಮಠಗಳಲ್ಲಿ ಪಲಿಮಾರು, ಅದಮಾರು ಎರಡೂ ಹೆಸರು ಪಡೆದದ್ದು ಈ ಸುತ್ತಿನ ಊರುಗಳಿಂದ. ಪಲಿಮಾರು ಮಠದ ಮೊದಲ ಯತಿ ಹೃಷೀಕೇಶತೀರ್ಥರು ಮಧ್ವರ ನೇರ ಶಿಷ್ಯರು. ಅವರು ಗುರುವಿನ ಗ್ರಂಥಗಳನ್ನು ತುಳು ಲಿಪಿಯಲ್ಲಿ ತಾಳೆಗರಿಯ ಮೇಲೆ ಬರೆದಿಟ್ಟ ಪ್ರತಿ ಆ ಮಠದಲ್ಲಿ ಉಳಿದುಬಂದಿದೆ. ಬನ್ನಂಜೆ ಗೋವಿಂದಾಚಾರ್ಯರು ಮಧ್ವರ ಸರ್ವಮೂಲ ಗ್ರಂಥಗಳ ಪಾಠವನ್ನು ಶುದ್ಧಗೊಳಿಸಿದ್ದು ಆ ಪ್ರತಿಯನ್ನು ನಂಬಿ. ಲಿಪಿಕಾರ ತನ್ನ ಜಾಣ್ಮೆಯನ್ನು ಸೇರಿಸದೆ ಇದ್ದದ್ದೇ ಆ ಪ್ರತಿಯ ಬೆಲೆ. ಬರೆದವರು ಸ್ವತಃ ವಿದ್ವಾಂಸರು, ಸೇರಿಸಲು ಬೇಕಾದಷ್ಟಿತ್ತು. ಸೇರಿಸದಿರುವುದು ಶಕ್ತಿಯ ಕೊರತೆಯಿಂದ ಆದದ್ದಲ್ಲ. ಮಾದರಿಯ ಲಾರಿಯನ್ನು ಕಟ್ಟುವವರು ಹಾಗೆಯೇ ತಮ್ಮ ಇಷ್ಟದ ಬಣ್ಣವನ್ನು ಬದಿಗಿಟ್ಟು ಲಾರಿಯ ಮಾಲೀಕ ಹೊಡೆಸಿದ ಗಿಳಿಹಸಿರನ್ನೇ ಹೊಡೆಯುತ್ತಾರೆ.

ಕನ್ನಡಿಯ ಮುಂದಿನಿಂದ ಮುಖ ಸರಿದರೆ ಪ್ರತಿಬಿಂಬವೂ ಹೋಗುತ್ತದೆ, ಲಾರಿ ಗುಜರಿಗೆ ಹೋದರೂ ಮಾದರಿ ಕಪಾಟಿನಲ್ಲೇ ಇರುತ್ತದಲ್ಲ, ಅದೆಂಥ ಅಧೀನತೆ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಟೆಲ್ಕೊ ಕಂಪನಿ 1954ರಿಂದ 1969ರವರೆಗೆ ಡೈಮ್ಲರ್-ಬೆಂಜ್ ಜೊತೆ ಸೇರಿ ತಯಾರಿಸಿದ ಟಾಟಾ ಮರ್ಸಿಡಿಸ್ ಲಾರಿಗಳು ಈಗ ರಸ್ತೆಯಲ್ಲಿ ಕಾಣುವುದಿಲ್ಲ. ಆದರೆ ಇವತ್ತು ಯಾರಾದರೂ ಅದರ ಮಾದರಿ ಮಾಡಿ ಬಾನೆಟ್ಟಿನ ಮೂತಿಯನ್ನು ಚಪ್ಪಟೆ ಮಾಡಿದರೆ ಅದು ತಪ್ಪೇ. ತಪ್ಪೆಂದು ಹೇಳುವ ಅಧಿಕಾರ, ಈಗ ಇಲ್ಲವಾದ ಆ ಲಾರಿಗೇ ಇದೆ. ಇರುವುದಕ್ಕೆ ಮಾತ್ರ ಅಧೀನತೆ ಸಂಬಂಧಿಸಿದ್ದಲ್ಲ, ಸರಿ-ತಪ್ಪು ಆಗುವುದಕ್ಕೂ ಸಂಬಂಧಿಸಿದೆ. ಮಧ್ವರ ದ್ವೈತದಲ್ಲಿ ಜೀವವೂ ನಿತ್ಯವೇ, ಕನ್ನಡಿಯ ಮುಖದಂತೆ ಅಳಿದುಹೋಗುವಂಥದ್ದಲ್ಲ, ಆದರೂ ಅಧೀನ.

ಇದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಮಧ್ವರ ಪಂಚಭೇದದ ಕೊನೆಯ ಭೇದ. ಈಶನಿಗೂ ಜೀವಕ್ಕೂ, ಈಶನಿಗೂ ಜಡಕ್ಕೂ, ಜೀವಜೀವಗಳಿಗೂ, ಜೀವಕ್ಕೂ ಜಡಕ್ಕೂ, ಕಡೆಗೆ ಜಡಜಡಗಳಿಗೂ ಇರುವ ಭೇದ ಸತ್ಯ ಎನ್ನುತ್ತದೆ ಅವರ ತತ್ತ್ವವಾದ. ಪಂಡಿತರು ಮೊದಲನೆಯದರ ಮೇಲೆ ಪುಟಗಟ್ಟಲೆ ಬರೆದಿದ್ದಾರೆ, ಐದನೆಯದನ್ನು ಕೇಳುವವರು ಕಡಿಮೆ. ಕಲ್ಲಿಗೂ ಮಣ್ಣಿಗೂ ಭೇದವಿದೆ ಎನ್ನುವುದರಲ್ಲಿ ಏನು ಹೆಚ್ಚುಗಾರಿಕೆ ಎನ್ನಿಸುವುದು ಸಹಜ. ಆದರೆ ಜಡವಸ್ತುಗಳ ನಡುವಿನ ಭೇದ ಸತ್ಯವೆಂದು ನಿಜವಾಗಿ ನಂಬಿದವನ ಬದುಕು ಹೇಗಿರುತ್ತದೆ ಎಂದು ಯೋಚಿಸಿದರೆ ಮಾದರಿ ಕಟ್ಟುವವರ ನೆನಪಾಗುತ್ತದೆ. ಉಳಿದವರಿಗೆ ಹೆದ್ದಾರಿಯಲ್ಲಿ ಹೋದದ್ದು 'ಒಂದು ಲಾರಿ'. ಇವರಿಗೆ ಹೋದದ್ದು ಹತ್ತು ಚಕ್ರದ್ದೋ ಹನ್ನೆರಡರದೋ, ಎತ್ತಿ ನಿಲ್ಲಿಸಬಹುದಾದ ಅಚ್ಚು ಇತ್ತೋ ಇಲ್ಲವೋ, ಬಾಡಿ ತಮಿಳುನಾಡಿನ ನಾಮಕ್ಕಲ್ ಕಡೆ ಕಟ್ಟಿದ್ದೋ ಕಂಪನಿಯಿಂದಲೇ ಬಂದದ್ದೋ, ಟಾರ್ಪಾಲಿನ ಹಗ್ಗ ಬದಿಯ ಕೊಕ್ಕೆಗಳಿಗೆ ಬಿಗಿದದ್ದು ಯಾವ ಗಂಟಿನಲ್ಲಿ, ಇದೆಲ್ಲ ಬೇರೆಬೇರೆ ಸಂಗತಿ. ಜಗತ್ತೇ ಮಾಯೆಯಾದರೆ ಇಷ್ಟು ತಲೆಕೆಡಿಸಿಕೊಳ್ಳುವುದು ಹುಚ್ಚು. ಜಗತ್ತು ಸತ್ಯವಾದರೆ, ಅದರ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿರುವ ವಸ್ತುವಿಗೂ ತನ್ನದೇ ವಿಶೇಷವಿದೆಯಾದರೆ, ಆ ವಿಶೇಷವನ್ನು ಗುರುತಿಸಿ ಒಪ್ಪುವುದು ಒಂದು ಬಗೆಯ ಸತ್ಯನಿಷ್ಠೆ. ತತ್ತ್ವವಾದವನ್ನು ಬಾಯಲ್ಲಿ ಒಪ್ಪಿ, ಕಣ್ಣಿನಲ್ಲಿ ಎಲ್ಲ ಲಾರಿಯನ್ನೂ ಒಂದೇ ಮಾಡಿಕೊಂಡವರಿಗಿಂತ ಇವರು ಆ ಮತಕ್ಕೆ ಹತ್ತಿರದವರೆಂದು ಅನ್ನಿಸುತ್ತದೆ.

ಮಠದ ವಿದ್ವಾಂಸರೊಬ್ಬರು ಇದನ್ನು ಓದಿದರೆ ಸಿಟ್ಟಾದಾರು. ಬಿಂಬ-ಪ್ರತಿಬಿಂಬದ ಮಾತು ಹರಿಗೂ ಜೀವಕ್ಕೂ ಸಂಬಂಧಿಸಿದ್ದು, ಅದನ್ನು ಡೀಸೆಲ್ ಗಾಡಿಗೆ ಹಚ್ಚುವುದು ಶಾಸ್ತ್ರವನ್ನು ಹಗುರ ಮಾಡಿದಂತೆ ಎಂದಾರು. ಅರ್ಧ ಒಪ್ಪುತ್ತೇನೆ. ಲಾರಿ ಮತ್ತು ಅದರ ಮಾದರಿಯ ಸಂಬಂಧ ಈಶ-ಜೀವರ ಸಂಬಂಧಕ್ಕೆ ಸಮಾನವೆಂದು ನಾನು ಹೇಳುತ್ತಿಲ್ಲ. ಲಾರಿ ತನ್ನ ಮಾದರಿಯನ್ನು ಸೃಷ್ಟಿಸುವುದೂ ಇಲ್ಲ, ಕಾಯುವುದೂ ಇಲ್ಲ. ಆದರೆ ಲೋಕದ ಪ್ರತಿಬಿಂಬಗಳನ್ನು ನೋಡದೆ ಆ ಲಕ್ಷಣವನ್ನು ಕಟ್ಟಲು ಸಾಧ್ಯವಿರಲಿಲ್ಲ. ಕನ್ನಡಿ, ನೀರು, ಕಾಮನಬಿಲ್ಲು ಇವೆಲ್ಲ ಲೋಕದ ವಸ್ತುಗಳೇ. ಲೋಕದಿಂದ ಎತ್ತಿಕೊಂಡ ಲಕ್ಷಣವನ್ನು ಲೋಕಕ್ಕೆ ಮರಳಿ ಹಚ್ಚಿ ನೋಡುವುದು ಅಪಚಾರವಾಗಲಾರದು.

ಪ್ರತಿಕೃತಿಯ ಬಗ್ಗೆ ಅತ್ಯಂತ ಕಟುವಾದ ಆಕ್ಷೇಪ ಇಸ್ಲಾಮಿನದು ಎಂಬ ಮಾತಿದೆ. ಹೆಜಮಾಡಿ, ಉಚ್ಚಿಲ, ಕಾಪು ಎಂದು ಬ್ಯಾರಿ ಮುಸ್ಲಿಮರ ಮನೆಗಳಿರುವ ಊರುಗಳ ನಡುವೆ ಇರುವ ಪಡುಬಿದ್ರಿಯಲ್ಲಿ ಇದನ್ನು ಬದಿಗೆ ಸರಿಸಿ ಮುಂದೆ ಹೋಗುವಂತಿಲ್ಲ. ಹದೀಸುಗಳಲ್ಲಿ ಚಿತ್ರಕಾರರ ಬಗ್ಗೆ ಕಠಿಣ ಎಚ್ಚರಿಕೆ ಇರುವುದು ನಿಜ. ಆದರೆ ಅದರ ಕಾರಣವೂ ಅಲ್ಲೇ ಇದೆ: ನೀನು ಮಾಡಿದ್ದಕ್ಕೆ ಜೀವ ಕೊಡು ಎಂದು ಅಂತಿಮ ದಿನದಂದು ಕೇಳಲಾಗುವುದು, ಕೊಡಲು ಆಗುವುದಿಲ್ಲ. ಚಿತ್ರ ಮಾಡಿಯೇ ಹೊಟ್ಟೆ ಹೊರೆಯಬೇಕಾದವನೊಬ್ಬ ಬಂದು ಕೇಳಿದಾಗ ಇಬ್ನ್ ಅಬ್ಬಾಸರು, ಮರಗಳನ್ನು ಮಾಡು, ಆತ್ಮವಿಲ್ಲದ ವಸ್ತುಗಳನ್ನು ಮಾಡು ಎಂದರೆಂದು ವರದಿಯಿದೆ. ಲಾರಿ ಆತ್ಮವಿಲ್ಲದ ವಸ್ತು. ಆಕ್ಷೇಪ ಹೋಲಿಕೆಗಲ್ಲ, ಸೃಷ್ಟಿಕರ್ತನೊಂದಿಗೆ ಪೈಪೋಟಿಗೆ. ತನ್ನ ಮೂಲಕ್ಕೆ ಸಾಲಗಾರನೆಂದು ಪ್ರತಿ ಮಿಲಿಮೀಟರಿನಲ್ಲೂ ಒಪ್ಪಿಕೊಂಡ ವಸ್ತು ಪೈಪೋಟಿ ಹೂಡುವುದಾದರೂ ಎಲ್ಲಿ? ಉಡುಪಿಯ ತತ್ತ್ವವಾದಿಯೂ ಇಬ್ನ್ ಅಬ್ಬಾಸರೂ ಬೇರೆಬೇರೆ ದಾರಿಯಿಂದ ಬಂದು ಒಂದೇ ಗೆರೆಯ ಬಳಿ ನಿಲ್ಲುತ್ತಾರೆ. ಆ ಗೆರೆ ಜೀವಕ್ಕೂ ಜಡಕ್ಕೂ ನಡುವಿನದು.

ಜೈನರ ಅಪರಿಗ್ರಹದ ಮಾತೂ ಉಂಟು. ಗೊಮ್ಮಟನ ಕಾಲಬುಡದ ಸೀಮೆಯಲ್ಲಿ ವಸ್ತುಗಳ ಮೋಹವನ್ನು ಸಮರ್ಥಿಸುವುದು ಕಷ್ಟ. ಸಿದ್ಧ ಮಾದರಿಗಳನ್ನು ಸಾವಿರಾರು ರೂಪಾಯಿ ಕೊಟ್ಟು ಕೊಂಡು, ಡಬ್ಬಿ ಬಿಚ್ಚದೆ ಸಾಲಾಗಿ ಪೇರಿಸುವವರ ಪರವಾಗಿ ನನಗೆ ಹೇಳಲು ಏನೂ ಇಲ್ಲ, ಅದು ಸಂಗ್ರಹ. ಕಟ್ಟುವವರ ಕಪಾಟಿನಲ್ಲಿ ಬಹಳ ತುಂಬುವುದಿಲ್ಲ, ಒಂದೊಂದಕ್ಕೂ ಅಷ್ಟು ಕಾಲ ಬೇಕು. ಆ ಕಾಲ ವ್ಯರ್ಥವಲ್ಲವೇ ಎಂದರೆ, ವರ್ಷಕ್ಕೊಮ್ಮೆ ರಥಬೀದಿಯಲ್ಲಿ ಒಂದು ಸುತ್ತು ಬರಲು ಕಟ್ಟುವ ರಥದ ಅಲಂಕಾರದ ಕಾಲವನ್ನೂ ಹಾಗೆ ಲೆಕ್ಕ ಹಾಕುತ್ತೀರಾ ಎಂದು ಕೇಳಬೇಕಾಗುತ್ತದೆ. ಅದು ದೇವರಿಗೆ, ಇದು ತನಗೆ ಎಂಬ ಉತ್ತರ ಸರಿಯೇ. ಆದರೆ ಪ್ರಯೋಜನದ ಲೆಕ್ಕ ಅಲ್ಲಿಗೆ ಮುಗಿಯಿತು, ಮುಂದಿನದು ಬೇರೆ ಲೆಕ್ಕ.

ಉಳಿದದ್ದು ಅತ್ಯಂತ ಗಂಭೀರ ಆಕ್ಷೇಪ, ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮಾದರಿಯ ಲಾರಿಯಲ್ಲಿ ಚಾಲಕನಿಲ್ಲ. ತುಕ್ಕಿದೆ, ಆ ತುಕ್ಕಿಗೆ ಮೈಕೈ ತರಚಿಕೊಂಡ ಕ್ಲೀನರ್ ಇಲ್ಲ. ಬಂಪರಿನ ತಗ್ಗು ಇದೆ, ಆ ತಗ್ಗಾದ ರಾತ್ರಿ ಇಲ್ಲ. ಹೆದ್ದಾರಿಯ ಬದಿಯಲ್ಲಿ ಬದುಕುವವರಿಗೆ ಲಾರಿಯೆಂದರೆ ಮೊದಲು ಭಯ, ಆಮೇಲೆ ಧೂಳು. ಓಡಿಸುವವರಿಗೆ ಅದು ನಿದ್ದೆಗೇಡು, ಸಾಲದ ಕಂತು, ಚೆಕ್‌ಪೋಸ್ಟು. ಇವನ್ನೆಲ್ಲ ಕಳೆದು ಉಳಿದ ಚಂದವನ್ನಷ್ಟೇ ಗಾಜಿನೊಳಗಿಡುವುದು ಕಣ್ಣು ಮುಚ್ಚಿಕೊಂಡಂತೆ ಆಗುವುದಿಲ್ಲವೇ? ಕೆಲವರು ಕ್ಯಾಬಿನ್ನಿನಲ್ಲಿ ಚಾಲಕನ ಗೊಂಬೆ ಕೂರಿಸುತ್ತಾರೆ. ಐದೂ ಮುಕ್ಕಾಲು ಅಡಿಯ ಮನುಷ್ಯ 1:24ರಲ್ಲಿ ಏಳು ಸೆಂಟಿಮೀಟರಿಗೆ ಇಳಿಯುತ್ತಾನೆ. ಎಷ್ಟು ಪಳಗಿದ ಕೈಯಾದರೂ ಇಡೀ ಮಾದರಿಯಲ್ಲಿ ಸೋಲುವುದು ಅಲ್ಲೇ. ತುಕ್ಕು ತುಕ್ಕಾಗಿಯೇ ಕಾಣುತ್ತದೆ, ಟಯರು ಟಯರಾಗಿಯೇ ಕಾಣುತ್ತದೆ, ಮುಖ ಮಾತ್ರ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಇದು ಕೈಯ ದೋಷವಲ್ಲ. ನಾಲ್ಕನೆಯ ಭೇದ ಸತ್ಯವಾಗಿದ್ದರೆ ಹೀಗೇ ಆಗಬೇಕು. ಜಡದ ವಿಶೇಷವನ್ನು ಹಿಡಿಯುವ ಸಾಧನ ಜೀವದ ಹತ್ತಿರ ಬಂದಾಗ ಮೊಂಡಾಗುತ್ತದೆ. ಕ್ಯಾಬಿನ್ನನ್ನು ಖಾಲಿ ಬಿಡುವವರು ಆ ಮಟ್ಟಿಗೆ ಪ್ರಾಮಾಣಿಕರೆಂದು ನನ್ನ ಎಣಿಕೆ. ಆದರೆ ಆ ಪ್ರಾಮಾಣಿಕತೆ ಆಕ್ಷೇಪವನ್ನು ತೊಡೆದುಹಾಕುವುದಿಲ್ಲ, ಅದರ ಗಡಿಯನ್ನು ಗುರುತಿಸುತ್ತದೆ ಅಷ್ಟೆ.

ಈ ಗಡಿಯ ಆಚೆಗೆ ಸುರ್ಯದ ಮಣ್ಣಿನ ವಾಹನಕ್ಕೆ ಪ್ರವೇಶವಿದೆ. ಅದನ್ನು ಇಟ್ಟವನ ಆಸೆ, ಅವನ ಮನೆಯ ಕಷ್ಟ, ಗಾಡಿ ಸುಗಮವಾಗಿ ಓಡಲಿ ಎಂಬ ಮೊರೆ ಆ ವಕ್ರ ಚಕ್ರಗಳ ಮುದ್ದೆಯ ಜೊತೆಗೇ ಬಂದಿರುತ್ತವೆ. ಯಾವ ಗಾಡಿಯೆಂದು ಅದು ಹೇಳಲಾರದು, ಯಾರ ಗಾಡಿಯೆಂದು ಮಾತ್ರ ದೇವರಿಗೆ ಹೇಳುತ್ತದೆ. ಸನ್‌ಬೋರ್ಡಿನ ಲಾರಿ ಯಾವ ಗಾಡಿಯೆಂಬುದನ್ನು ನಟ್ಟುಬೋಲ್ಟಿನವರೆಗೆ ಹೇಳಿ, ಯಾರದೆಂಬ ಪ್ರಶ್ನೆಗೆ ನಂಬರ್ ಪ್ಲೇಟಿನ ಆಚೆಗೆ ಹೋಗುವುದಿಲ್ಲ. ಎರಡೂ ಹೊರೆ ಹೊರುವುದಿಲ್ಲ, ಎರಡೂ ಸುಳ್ಳಲ್ಲ. ಒಂದರ ಕೆಲಸವನ್ನು ಇನ್ನೊಂದರಿಂದ ಕೇಳಿದಾಗಷ್ಟೇ ಅವು ಸುಳ್ಳಾಗುವುದು. ಬಾನೆಟ್ಟಿನ ಬಾಗನ್ನು ತಿಂಗಳುಗಟ್ಟಲೆ ಅಧ್ಯಯನ ಮಾಡಿದವರು ಅದರ ಹಿಂದೆ ಸ್ಟೇರಿಂಗ್ ಹಿಡಿದವನನ್ನು ಬಲ್ಲೆವೆಂದುಕೊಂಡರೆ ಆ ತಪ್ಪಿಗೆ ಮಾದರಿ ಹೊಣೆಯಲ್ಲ. ಅವನನ್ನು ಬಲ್ಲವರಾಗಬೇಕಾದರೆ ಲಾರಿ ನಿಲ್ಲುವ ಹೋಟೆಲಿನಲ್ಲಿ ಅವನ ಎದುರಿಗೆ ಕೂತು ಮಾತಾಡಿಸಬೇಕು, ಅದಕ್ಕೆ ಯಾವ ಅಳತೆಯ ಪ್ರಮಾಣವೂ ಬೇಕಾಗಿಲ್ಲ.